ಆರು ಬಾಯಿಗೆ ಒಂದು ಕೋಳಿ

ನಮ್ಮಕ್ಕನ ಕೈಗೆ ಸಿಕ್ಕ ಕೋಳಿ ಮಂಗಳವಾರದವರೆಗೆ ಸಾಯುವುದಿಲ್ಲ ಎಂದು ಭಾವ ಹೇಳುತ್ತಿರುತ್ತಾರೆ. ಶನಿವಾರ ಅದು ಇಡಿಯಾಗಿ ಮನೆಗೆ ಬರುತ್ತದೆ. ತೊಡೆ, ರೆಕ್ಕೆಗಳು ಅಂದೇ ಮುಗಿಯುತ್ತವೆ. ಭಾನುವಾರ ಎದೆಯ ಮಾಂಸ ಎಳೆ ಎಳೆಯಾಗಿ ಆಲೂಗಡ್ಡೆಯೊಳಗೆ ಅಡಗಿಕೊಳ್ಳುತ್ತದೆ. ಸೋಮವಾರ ಅನ್ನದಲ್ಲಿ ಅಲ್ಲೊಂದು ಇಲ್ಲೊಂದು ಚೂರು ಮುಖ ತೋರಿಸುತ್ತದೆ, ಸಿಕ್ಕವರಿಗೆ ಅದೃಷ್ಟ. ಮಂಗಳವಾರ ಮೂಳೆಗಳು ಕುದಿದು ಸೂಪಾಗುತ್ತವೆ. ಭಾವ ಗಡಿಯಾರ ರಿಪೇರಿಯವರು. ಈಗ ಎಲ್ಲರೂ ಫೋನಿನಲ್ಲೇ ಗಂಟೆ ನೋಡುವುದರಿಂದ ಅವರ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವೇ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚುವ ವಿದ್ಯೆಯನ್ನು ಅಕ್ಕ ಕೋಳಿಯ ಕಾಲಿಗೂ ಕಲಿಸಿಬಿಟ್ಟಿದ್ದಾಳೆ.

ಅಕ್ಕನ ಕೆಲಸ ಬೇಕರಿಯಲ್ಲಿ, ಬ್ರೆಡ್ ಕತ್ತರಿಸಿ ಕಟ್ಟುವುದು. ಶನಿವಾರ ಕೊನೆಯ ಬ್ರೆಡ್ ಹೊರಬಂದ ಮೇಲೆ ಒಲೆ ಆರಿಸುತ್ತಾರೆ. ಆದರೆ ಅದರ ಇಟ್ಟಿಗೆಗಳ ಕಾವು ಅಷ್ಟು ಬೇಗ ಇಳಿಯುವುದಿಲ್ಲ. ಆ ಉಳಿದ ಕಾವಿನಲ್ಲಿ ಕೆಲಸದವರು ತಮ್ಮ ತಮ್ಮ ತಟ್ಟೆ ಇಟ್ಟುಕೊಳ್ಳಬಹುದು ಎಂದು ಮಾಲೀಕರು ಹೇಳಿದ್ದಾರೆ. ಅಕ್ಕ ಕೋಳಿಗೆ ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ, ನಿಂಬೆರಸ ಸವರಿ ಒಳಗೆ ತಳ್ಳುತ್ತಾಳೆ. ನೆಲ ಗುಡಿಸಿ, ಮೇಜು ಒರೆಸಿ ಮುಗಿಸುವಷ್ಟರಲ್ಲಿ ಅದು ಕೆಂಪಗೆ ಬೆಂದಿರುತ್ತದೆ. ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾಳೆ. ಗುರುತು ಪರಿಚಯ ಇಲ್ಲದವರೂ ಅವಳ ಪಕ್ಕದ ಸೀಟಿಗಾಗಿ ಪೈಪೋಟಿ ನಡೆಸುತ್ತಾರಂತೆ. ಹೇಳಿದವಳು ಅಕ್ಕನೇ, ಅರ್ಧ ನಂಬಬಹುದು.

ತಿನ್ನಲು ಅಕ್ಕ, ಭಾವ, ಅವರ ಇಬ್ಬರು ಹೆಣ್ಣುಮಕ್ಕಳು, ಮಹಡಿಯ ಮೇಲಿನ ಒಂಟಿ ಕೋಣೆಯಿಂದ ಊಟಕ್ಕೆ ಮಾತ್ರ ತಪ್ಪದೆ ಇಳಿದುಬರುವ ನಾನು. ಐದು ಬಾಯಿಯ ಈ ಲೆಕ್ಕಕ್ಕೆ ಹೋದ ವರ್ಷ ಆರನೆಯವರಾಗಿ ಅತ್ತೆ ಬಂದರು. ಅತ್ತೆ ಎಂದರೆ ಭಾವನ ತಾಯಿ. ಅಕ್ಕ ಕರೆಯುವುದನ್ನು ಕೇಳಿ ನಾನೂ ಹಾಗೆಯೇ ಕರೆಯುತ್ತೇನೆ. ಅವರು ಒಂದು ಹಾಸ್ಟೆಲಿನಲ್ಲಿ ಇನ್ನೂರು ಹುಡುಗರಿಗೆ ಅಡುಗೆ ಮಾಡುತ್ತಿದ್ದವರು. ಹಾಸ್ಟೆಲ್ ಮುಚ್ಚಿದಾಗ ಒಂದು ಬಟ್ಟೆಯ ಚೀಲ ಮತ್ತು ಒಂದು ದೊಡ್ಡ ಹಂಡೆಯೊಂದಿಗೆ ಬಂದಿಳಿದರು. ನಮ್ಮ ಕೋಳಿಯನ್ನು ಮೊದಲ ಸಲ ನೋಡಿದಾಗ, "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಎಂದು ಮೆಲ್ಲಗೆ ಗೊಣಗಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ.

ಅಕ್ಕ ಅವರಿಗೆ ಒಂದು ಕೆಲಸವನ್ನೂ ಮುಟ್ಟಗೊಡುತ್ತಿರಲಿಲ್ಲ. "ಜೀವಮಾನ ಎಲ್ಲ ಬೇಯ್ಸಿದೀರಿ ಅತ್ತೆ, ಇನ್ನಾದ್ರೂ ಆರಾಮಾಗಿ ಕೂತ್ಕೊಳ್ಳಿ" ಎನ್ನುತ್ತಿದ್ದಳು. ಅತ್ತೆ ಕುರ್ಚಿಯಲ್ಲಿ ಕೂತು ಕಿಟಕಿ ನೋಡುತ್ತಿದ್ದರು. ಬೇರೆ ಊರಿನಲ್ಲಿರುವ ಮಗಳು ಪ್ರತಿ ಭಾನುವಾರ ಫೋನ್ ಮಾಡಿ, ಇಲ್ಲಿಗೇ ಬಂದುಬಿಡು ಎಂದು ಕರೆಯುತ್ತಿದ್ದಳು. ಆ ಫೋನ್ ಬಂತೆಂದರೆ ಅಕ್ಕನ ಮುಖ ಬಾಡುತ್ತಿತ್ತು. ನಮ್ಮ ಅಮ್ಮ ತೀರಿಕೊಂಡಾಗ ನಾನು ಇನ್ನೂ ತೊಟ್ಟಿಲಿನಲ್ಲಿದ್ದೆ, ಅಕ್ಕ ಹಲ್ಲು ಬೀಳುವ ವಯಸ್ಸಿನವಳು. "ಕೆಲಸದಿಂದ ಬಂದಾಗ ಬಾಗಿಲಲ್ಲಿ ಒಬ್ರು ಕಾಯ್ತಿರ್ತಾರೆ ಕಣೆ" ಎಂದು ಒಮ್ಮೆ ನನಗೆ ಹೇಳಿದಳು. "ಅವ್ರು ಹೋದ್ರೆ ನಂಗೆ ಮತ್ತೆ ಅಮ್ಮ ಇಲ್ಲದ ಮನೆ." ಅತ್ತೆಗೆ ಮಾತ್ರ ಇದನ್ನು ಹೇಳಲಿಲ್ಲ.

ಒಂದು ಮಂಗಳವಾರ ಬೇಕರಿಯ ಯಂತ್ರ ಕೆಟ್ಟು ಅಕ್ಕ ಬರುವುದು ತಡವಾಯಿತು. ಮಕ್ಕಳು ಹಸಿದಿದ್ದರು. ಅತ್ತೆಗೆ ಇಷ್ಟು ದಿನಕ್ಕೆ ಒಲೆ ಖಾಲಿ ಸಿಕ್ಕಿತು. ಅಟ್ಟದಿಂದ ತಮ್ಮ ಹಂಡೆ ಇಳಿಸಿದರು, ಮೂಳೆಗಳನ್ನು ಹಾಕಿದರು, ಅಭ್ಯಾಸಬಲದಿಂದ ಕಂಠದವರೆಗೆ ನೀರು ಸುರಿದರು. ಉಪ್ಪೂ ಹಾಸ್ಟೆಲಿನ ಅಳತೆಯದೇ. ಅಕ್ಕ ಬಂದು ಮುಚ್ಚಳ ತೆಗೆದಾಗ ಆ ಸಮುದ್ರದಲ್ಲಿ ನಾಲ್ಕು ಮೂಳೆ ತೇಲುತ್ತಿದ್ದವು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಅನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ.

"ಅಜ್ಜಿ, ಕೋಳಿ ಇದ್ರಲ್ಲಿ ಬರೀ ಸ್ನಾನ ಮಾಡಿ ಹೋಯ್ತಾ?" ಎಂದಳು ಚಿಕ್ಕವಳು. ಭಾವ ನಗು ತಡೆಯಲಾಗದೆ ಕೆಮ್ಮಿದರು.

ಅಕ್ಕ ಬಟ್ಟಲು ಬರಿದಾಗುವವರೆಗೆ ಕುಡಿದು, "ಚೆನ್ನಾಗಿದೆ ಅತ್ತೆ" ಎಂದಳು.

"ಸುಳ್ಳು ಹೇಳ್ಬೇಡಮ್ಮ" ಎಂದರು ಅತ್ತೆ. "ನೀರು ಯಾವ್ದು ಸೂಪ್ ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ನನ್ನ ಕೈಗೆ ಸಣ್ಣ ಅಡುಗೆ ಬರಲ್ಲ. ಬರೋ ಕೆಲ್ಸ ನೀನು ಕೊಡಲ್ಲ. ಕೈ ಕಟ್ಕೊಂಡು ಕೂತು ತಿನ್ನೋರು ನೆಂಟ್ರು. ನೆಂಟ್ರು ಎಷ್ಟು ದಿನ ಇರ್ತಾರೆ? ಈ ಭಾನುವಾರ ಮಗಳು ಫೋನ್ ಮಾಡ್ಲಿ, ಬರ್ತೀನಿ ಅಂದ್ಬಿಡ್ತೀನಿ." ಒಳಗೆ ಹೋಗಿ ಬಟ್ಟೆ ಮಡಿಸತೊಡಗಿದರು.

ನನಗೆ ಅಕ್ಕನ ಮೇಲೆ ಸಿಟ್ಟು ಬಂತು. "ನಿನ್ನ ಮರ್ಯಾದೆನೇ ಅವ್ರನ್ನ ಓಡಿಸ್ತಾ ಇರೋದು" ಎಂದೆ, ಪಾತ್ರೆ ತೊಳೆಯುತ್ತಾ. ನಾನು ತೊಳೆದಿಟ್ಟ ಬಟ್ಟಲನ್ನೇ ಅವಳು ಎತ್ತಿಕೊಂಡು ಮತ್ತೆ ತೊಳೆದಳು. ಮಾತು ಅವಳಿಗೆ ನಾಟಿದೆ ಎಂದೇ ಅರ್ಥ.

ಶನಿವಾರ ಎಂದಿನಂತೆ ಕೋಳಿ ಬಂತು. ಮಹಾ ಕಂಜೂಸಿಯಾದ ನಮ್ಮಕ್ಕ ಆ ಕೋಳಿಗೆ ಇನ್ನೊಬ್ಬರು ಚಾಕು ಹಾಕಲು ಬಿಟ್ಟದ್ದೇ ಇಲ್ಲ, ಕಟ್ಟಿಕೊಂಡ ಗಂಡನಿಗೂ ಬಿಟ್ಟಿಲ್ಲ. ಅಂದು ತಟ್ಟೆಯನ್ನೂ ಚಾಕುವನ್ನೂ ಅತ್ತೆಯ ಮುಂದೆ ಇಟ್ಟಳು.

"ನನ್ನ ಕೈ ನೋಯ್ತಿದೆ ಅತ್ತೆ. ನೀವೇ ಕತ್ತರಿಸಿ ಬಡಿಸಿ."

"ನಾನಾ?"

"ಇನ್ನೂರು ಜನಕ್ಕೆ ಬಡಿಸಿದೋರು ನೀವಲ್ವಾ?"

ಅತ್ತೆ ಎದ್ದು ನಿಂತರು. ತಟ್ಟೆಗಳನ್ನು ಸಾಲಾಗಿ ಜೋಡಿಸಿದರು. ಚಾಕು ಕೀಲುಗಳನ್ನು ಹುಡುಕಿ ಹುಡುಕಿ ಹೋಯಿತು. ತೊಡೆ ಮಕ್ಕಳಿಗೆ, ರೆಕ್ಕೆ ನಮಗೆ, ಅಲ್ಲಿಗೆ ಶನಿವಾರದ ಪಾಲು ಮುಗಿಯಬೇಕಿತ್ತು. ಅತ್ತೆಯ ಕೈ ನಿಲ್ಲಲಿಲ್ಲ. ಬಡಿಸುವುದೆಂದರೆ ತಟ್ಟೆ ತುಂಬಬೇಕು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಭಾನುವಾರದ ಎದೆ ದಪ್ಪ ದಪ್ಪ ಹೋಳುಗಳಾಗಿ ತಟ್ಟೆಗಳಿಗೆ ಬಿತ್ತು. ಬೆನ್ನು ತಿರುಗಿಸಿ ಸೋಮವಾರದ ಚೂರುಗಳನ್ನೂ ಕೆರೆದು ಹಾಕಿದರು. ಮೇಜಿನ ಕೆಳಗೆ ಅಕ್ಕ ನನ್ನ ಕಾಲನ್ನು ಅಪ್ಪಚ್ಚಿ ಮಾಡುತ್ತಿದ್ದಳು.

ಅತ್ತೆ ಮುಖದ ಬೆವರು ಒರೆಸಿಕೊಂಡು, "ಸಾಲುತ್ತಾ ಎಲ್ರಿಗೂ?" ಎಂದು ಕೇಳಿದರು. ಅವರು ಹಾಗೆ ಹಿಗ್ಗಿದ್ದನ್ನು ಈ ಮನೆಯಲ್ಲಿ ನಾವು ಯಾರೂ ನೋಡಿರಲಿಲ್ಲ.

ಅಕ್ಕ ತಟ್ಟೆ ಮುಂದೆ ಚಾಚಿದಳು. "ನಂಗಿನ್ನೊಂದು ಚೂರು ಹಾಕಿ ಅತ್ತೆ."

ಆಣೆ ಮಾಡಿ ಹೇಳುತ್ತೇನೆ, ನಮ್ಮಕ್ಕ ಎರಡನೆಯ ಸಲ ಹಾಕಿಸಿಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮರುದಿನ ಊಟಕ್ಕೆ ಬರೀ ಆಲೂಗಡ್ಡೆ. ದೊಡ್ಡವಳು ಅದನ್ನು ಕೆದಕಿ ಕೆದಕಿ ನೋಡಿದಳು. "ಕೋಳಿ ಎಲ್ಲಿ?"

"ನಿನ್ನೆ ತಿಂದ್ವಲ್ಲ" ಎಂದರು ಅತ್ತೆ, ಸ್ವಲ್ಪವೂ ಅಳುಕಿಲ್ಲದೆ.

ಅಷ್ಟರಲ್ಲಿ ಫೋನ್ ಬಂತು. ಮಗಳೇ. ಅತ್ತೆ ಎದ್ದು ಬಾಗಿಲ ಬಳಿಗೆ ಹೋದರು. ಅಕ್ಕ ತುತ್ತನ್ನು ಕೈಯಲ್ಲೇ ಹಿಡಿದು ಕೂತಳು. ಮೇಜಿನ ಸುತ್ತ ಯಾರೂ ಅಗಿಯಲಿಲ್ಲ.

"ಈ ವಾರ ಬರಕ್ಕಾಗಲ್ಲಮ್ಮ" ಎನ್ನುತ್ತಿದ್ದರು ಅತ್ತೆ. "ಮುಂದಿನ ವಾರಾನೂ ಆಗಲ್ಲ. ಇವ್ಳು ಕೋಳಿನೇನೋ ಚೆನ್ನಾಗಿ ಬೇಯಿಸ್ತಾಳೆ. ಬಡಿಸಕ್ಕೇ ಬರಲ್ಲ, ಪಾಪ. ನಾನಿಲ್ದಿದ್ರೆ ಮಕ್ಳು ಸೊರಗಿ ಹೋಗ್ತವೆ."

ಅಕ್ಕ ತಲೆ ತಗ್ಗಿಸಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ತಲೆ ಎತ್ತಿದಾಗ ನೋಡಿದರೆ ಎರಡೂ. ಆಮೇಲೆ ಆ ಬರೀ ಆಲೂಗಡ್ಡೆಯನ್ನೇ ತಟ್ಟೆ ತುಂಬಾ ಬಡಿಸಿಕೊಂಡು ತಿಂದಳು.