ಎರಡು ಮುಳುಗಿನ ನಡುವಿನ ಹೊತ್ತು

ಮಧುಗಿರಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಮೊರದ ತುಂಬ ಕಡಲೆಕಾಯಿ ಸುಲಿಯುತ್ತಿದ್ದೆ. ಮಗಳ ಮಗಳು ಸುಮ ಪಕ್ಕದಲ್ಲಿ ಕಾಲು ಚಾಚಿ, ಸುಲಿದದ್ದನ್ನು ಸುಲಿದಂತೆಯೇ ಬಾಯಿಗೆ ಹಾಕಿಕೊಳ್ಳುತ್ತ, ಫೋನಿನಲ್ಲಿ ಎರಡು ಕೈಗಡಿಯಾರಗಳ ಚಿತ್ರ ತೋರಿಸಿದಳು. ಅವು ಬರಿಯ ಗಡಿಯಾರಗಳಲ್ಲ, ಡೈವ್ ಕಂಪ್ಯೂಟರುಗಳು. ಸಿರಾದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿರುವ ಈ ಹುಡುಗಿ, ರಜೆ ಬಂದರೆ ಕರಾವಳಿಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗಿ ಮೀನು ನೋಡಿ ಬರುತ್ತಾಳೆ. ಇಷ್ಟು ದಿನ ಬಾಡಿಗೆಯದನ್ನು ಕಟ್ಟಿಕೊಳ್ಳುತ್ತಿದ್ದವಳಿಗೆ ಈಗ ಸ್ವಂತದ್ದು ಬೇಕು.

ನಿಮಗೂ ಇದು ನನ್ನ ಹಾಗೆ ಹೊಸದಿರಬಹುದು, ಅದಕ್ಕೆ ಅವಳು ಹೇಳಿದ್ದನ್ನೇ ಹೇಳುತ್ತೇನೆ. ಮಣಿಕಟ್ಟಿನ ಮೇಲೆ ಕೂತು ಆ ಯಂತ್ರ ಎಷ್ಟು ಆಳದಲ್ಲಿದ್ದೀಯ, ಇನ್ನೆಷ್ಟು ನಿಮಿಷ ಇರಬಹುದು, ಮೇಲೇಳುವಾಗ ಅವಸರ ಮಾಡುತ್ತಿದ್ದೀಯಾ ಎಂದು ತಿಳಿಸುತ್ತದೆ. ಮೇಲೆ ಬಂದ ಮೇಲೂ ಸುಮ್ಮನಾಗುವುದಿಲ್ಲ. ಆಳದಲ್ಲಿ ಮೈಗೆ ಸೇರಿದ ಗಾಳಿ ಇಳಿಯುವ ತನಕ ಲೆಕ್ಕ ಹಾಕುತ್ತಲೇ ಇರುತ್ತದೆ. ಅವಳು ತೋರಿಸಿದ ಎರಡರಲ್ಲಿ ಒಂದು ಬಿಗಿ ಲೆಕ್ಕದ್ದು: ಬೇಗ ಮೇಲೆ ಕರೆಯುತ್ತದೆ, ಮತ್ತೆ ಮುಳುಗುವ ಮುನ್ನ ಹೆಚ್ಚು ಹೊತ್ತು ಕೂರಿಸುತ್ತದೆ. ಇನ್ನೊಂದು ಧಾರಾಳದ್ದು. ಅವಳ ಜೊತೆಯವರ ಕೈಯಲ್ಲಿರುವುದೆಲ್ಲ ಧಾರಾಳದ್ದೇ.

"ಬಿಗಿ ಲೆಕ್ಕದ್ದು ತಗೊಂಡ್ರೆ ದೋಣೀಲಿ ಎಲ್ರೂ ನಂಗೋಸ್ಕರ ಕಾಯ್ಬೇಕು ತಾತ. ಮುದುಕಿ ಬಂದ್ಲು ಅಂತ ಆಡ್ಕೋತಾರೆ," ಎಂದಳು. "ನೀನು ಬಾವಿ ಹಗ್ಗ ಹಿಡ್ದೋನು. ನೀನೇ ಹೇಳು."

ಹಗ್ಗ ಹಿಡಿದವನು, ನಿಜ. ಬೋರ್‌ವೆಲ್ಲುಗಳು ಬಂದು ತೆರೆದ ಬಾವಿಗಳೆಲ್ಲ ಕಸದ ಗುಂಡಿಗಳಾಗುವ ಮೊದಲು, ಪಂಪಿನ ಪೈಪು ಹೂಳಿಗೆ ಸಿಕ್ಕಿಕೊಂಡರೆ ಸುತ್ತಲಿನ ಊರಿನವರು ನಮ್ಮಿಬ್ಬರನ್ನು ಕರೆಸುತ್ತಿದ್ದರು. ಮುಳುಗುವವನು ನನ್ನ ಹೆಂಡತಿಯ ತಮ್ಮ ತಿಮ್ಮಣ್ಣ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲೆ ನಿಂತು ಹಿಡಿದು, ಅವನು ಜಗ್ಗಿದಾಗ ಎಳೆಯುವವನು ನಾನು. ಒಂದೇ ಉಸಿರಿನಲ್ಲಿ ಮೂರು ನಾಲ್ಕು ಆಳುದ್ದ ಇಳಿದು, ಪೈಪಿನ ಬಾಯಿಯ ಕೆಸರು ಬಗೆದು ಬಂದವನು ನೀರಂಚಿನ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳಬೇಕು. ಸುಮಳ ಮುಳುಗು ಬೇರೆ, ಅವನದು ಬೇರೆ. ಆದರೆ ಎರಡು ಮುಳುಗಿನ ನಡುವಿನ ಹೊತ್ತು ಇಬ್ಬರಿಗೂ ಬೇಕು. ನಮಗೆ ಗಡಿಯಾರವಿರಲಿಲ್ಲ. ಅವನು ಮೇಲೆ ಬಂದ ಕೂಡಲೇ ನಾನೊಂದು ಬೀಡಿ ಹಚ್ಚುತ್ತಿದ್ದೆ, ಬೆರಳಿಗೆ ಬಿಸಿ ತಾಗಿದಾಗ ಆಯ್ತು ಎಂದು ಕೂಗುತ್ತಿದ್ದೆ. ಕೆಳಗೆ ಕೂತವನಿಗೆ ಬೀಡಿ ಕಾಣುತ್ತಿರಲಿಲ್ಲ, ನನ್ನ ದನಿ ಮಾತ್ರ ಕೇಳುತ್ತಿತ್ತು.

ಆ ದಿನ ಕೊರಟಗೆರೆ ಕಡೆಯ ಒಂದು ತೋಟದ ಬಾವಿ. ತಿಮ್ಮಣ್ಣ ಆಗಲೇ ಆರು ಸಲ ಮುಳುಗಿದ್ದ. ಕರೆಂಟು ಬರುವ ಹೊತ್ತು ಹತ್ತಿರವಾಗಿತ್ತು. ಬಂದರೆ ಎರಡೇ ಗಂಟೆ, ತಪ್ಪಿದರೆ ಮರುದಿನವೇ. ತೋಟದ ಯಜಮಾನ ನನ್ನ ಪಕ್ಕದಲ್ಲೇ ನಿಂತಿದ್ದ.

"ಎಸ್ಸೆಲ್ಸಿ ಪಾಸಾದೋನಂತೆ, ಬೀಡೀಲಿ ಟೈಮ್ ನೋಡ್ತಾನೆ," ಎಂದು ಕೂಲಿಯವರ ಮುಂದೆ ನಕ್ಕ. "ಅದು ಆರೋದ್ರೊಳಗೆ ಕರೆಂಟು ಬಂದು ಹೊಂಟೋಯ್ತದೆ ಕಣ್ಲಾ."

ಕೂಲಿಯವರೂ ನಕ್ಕರು. ಬೀಡಿ ಅರ್ಧವೂ ಉರಿದಿರಲಿಲ್ಲ. ಅದನ್ನು ಕಲ್ಲಿಗೆ ಉಜ್ಜಿ, ಆಯ್ತು ಎಂದು ಕೂಗಿದೆ.

"ಇಷ್ಟ್ ಬೇಗ್ನೆ ಆಯ್ತಾ ಭಾವ?"

"ಆಯ್ತು ಕಣ್ಲಾ, ಹೋಗು."

ಹೋದ. ಎಷ್ಟು ಹೊತ್ತಾದರೂ ಅವನು ಹಗ್ಗ ಜಗ್ಗಲಿಲ್ಲ. ನಾನಾಗಿ ಎಳೆದಾಗ ಬಂದದ್ದು ಹೆಣ.

ನೀವು ಇಷ್ಟಕ್ಕೇ ನನ್ನನ್ನು ಮನ್ನಿಸಬೇಡಿ, ಇನ್ನೂ ಇದೆ. ಕೇಳಿದವರಿಗೆಲ್ಲ ನಾನು ಹೇಳಿದ್ದು, "ತಡಿ ತಡಿ ಅಂದೆ, ಅವ್ನೇ ಆತ್ರ ಬಿದ್ದ." ಯಜಮಾನ ತಲೆಯಾಡಿಸಿದ, ಅವನಿಗೂ ಅದೇ ಅನುಕೂಲವಾಗಿತ್ತು. ತಿಮ್ಮಣ್ಣನನ್ನು ನೀರಿಗೆ ಕಳಿಸಿದ್ದು ಒಂದು ಗಳಿಗೆಯ ಹೇಡಿತನವೆಂದಾದರೂ ಹೇಳಿಕೊಳ್ಳಬಹುದು. ಆದರೆ ಈ ಸುಳ್ಳನ್ನು ನಲವತ್ತು ವರ್ಷ, ಕೂಸನ್ನು ಸಾಕಿದ ಹಾಗೆ ಎಚ್ಚರದಿಂದ ಸಾಕಿದೆ. ನನ್ನ ಹೆಂಡತಿ ಅದನ್ನು ನಂಬಿಕೊಂಡೇ ತೀರಿಕೊಂಡಳು. ಯಂತ್ರಕ್ಕೆ ಕರುಣೆಯಿಲ್ಲ ಎಂದು ಜನ ದೂರುವುದನ್ನು ಕೇಳಿದ್ದೇನೆ. ಅದಕ್ಕೆ ನಾಚಿಕೆಯೂ ಇಲ್ಲ ಎನ್ನುವುದು ನನಗೆ ಸುಮಳ ಫೋನು ನೋಡುವಾಗ ಹೊಳೆಯಿತು. ಯಾರು ನಕ್ಕರೂ ಅದು ತನ್ನ ಲೆಕ್ಕದಿಂದ ಒಂದು ನಿಮಿಷ ಬಿಟ್ಟುಕೊಡುವುದಿಲ್ಲ. ಕರುಣೆಯಿದ್ದ ನಾನು ಬಿಟ್ಟುಕೊಟ್ಟೆ.

ಇದನ್ನೆಲ್ಲ ಅವಳಿಗೆ ಹೇಳಿದೆ. ಹೇಳದೆ ಬಿಗಿ ಲೆಕ್ಕದ್ದನ್ನೇ ತಗೋ ಎಂದಿದ್ದರೆ ಅದು ಮುದುಕನ ಭಯವೆಂದು ನಕ್ಕು ಬಿಡುತ್ತಿದ್ದಳು. ಅವಳು ಬಾಯಿಗೆ ಹಾಕಲಿದ್ದ ಕಾಳನ್ನು ಮೊರಕ್ಕೇ ವಾಪಸು ಹಾಕಿದಳು.

"ಬಿಗಿ ಲೆಕ್ಕದ್ದೇ ತಗೋತೀನಿ," ಎಂದಳು. ಆಮೇಲೆ, "ರತ್ನಮ್ಮಂಗೆ ಗೊತ್ತಾ?"

ರತ್ನಮ್ಮ ತಿಮ್ಮಣ್ಣನ ಒಬ್ಬಳೇ ಮಗಳು. ಅಪ್ಪ ಸತ್ತಾಗ ಮೂರು ವರ್ಷದವಳು, ಈಗ ವೈ.ಎನ್.ಹೊಸಕೋಟೆಯಲ್ಲಿ ಸಂಸಾರಸ್ಥೆ. ಇಲ್ಲ ಎಂದು ತಲೆಯಾಡಿಸಿದೆ.

"ಮತ್ತೆ ನಂಗ್ಯಾಕೆ ಹೇಳ್ದೆ? ಹೇಳ್ಬೇಕಾದ್ದು ಅಲ್ಲಿ."

ಮುಂದಿನ ಭಾನುವಾರ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ರತ್ನಮ್ಮ ನೀರು ಕೊಟ್ಟಳು. ಕುಡಿಯದೆ ಲೋಟ ಹಿಡಿದುಕೊಂಡೇ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಎಳೆ ಮಗೀನ ಬುಟ್ಟು ಆತ್ರ ಬಿದ್ದು ಹೋದ ಅಂತ ಅವ್ವ ಸಾಯೋ ತನಕ ಬೈಯ್ತಿದ್ಲು ಮಾವ," ಎಂದಳು. "ಫೋಟಾಕ್ಕೆ ಒಂದಿನ ಹೂ ಇಕ್ಲಿಲ್ಲ. ನಾನೂ ಅಂಗೇ ಬೈಕೊಂಡೇ ಬೆಳ್ದೆ."

ಒಳಗೆ ಹೋಗಿ, ಟ್ರಂಕಿನ ತಳದಲ್ಲಿದ್ದ ಫೋಟೋ ತಂದು ಸೆರಗಿನಿಂದ ಒರೆಸಿದಳು. ನಗುವ ಇಪ್ಪತ್ತಾರರ ತಿಮ್ಮಣ್ಣ. ಒಂದು ಮೊಳೆ, ಒಂದು ಸುತ್ತಿಗೆ ಹುಡುಕಿ ತಂದಳು. ನಾನು ಎದ್ದು ಕೈ ಚಾಚಿದೆ.

"ನೀವ್ ಬುಡಿ ಮಾವ," ಎಂದಳು, ನನ್ನ ಕಡೆ ನೋಡದೆ. "ಅವ್ಳು ಹೊಡೀಲಿ."

ಸುಮ ಮೊಳೆ ಹೊಡೆದಳು. ನಾನು ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದೆ.