ಮೇವಿನ ಚೀಟಿಯಲ್ಲಿ ಅಂಪ

"ಮೂರನೇದಾಂವನ್ನ ಕರ್ಕೊಂಡ್ ಬರ್ರಿ" ಅಂದನೋ, "ಆತ ಬರದೇ ಮೇವು ಸಿಗಂಗಿಲ್ಲ" ಅಂದನೋ, ಭಾಲ್ಕಿಯ ಮೇವು ಕೇಂದ್ರದ ಗುಮಾಸ್ತ ಇವತ್ತು ಹೇಳಿದ್ದು ಇವೆರಡರಲ್ಲಿ ಒಂದು.

ಅವನೆದುರು ಸಾಯಗಾಂವದ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡತಿಯರು, ನಿಂತಿದ್ದರು. ಗಂಡಂದಿರು ಕಬ್ಬು ಕಡಿಯಲು ಹೋಗಿದ್ದಾರೆ. ಎರಡು ಎಮ್ಮೆ ಇವರ ಪಾಲಿಗೆ. ಜಂಟಿ ಚೀಟಿಯಲ್ಲಿ 'ಶಾಂತಾಬಾಯಿ & ಪಾರ್ವತಿಬಾಯಿ' ಎಂದಿರಬೇಕಾದಲ್ಲಿ 'ಶಾಂತಾಬಾಯಿ &amp; ಪಾರ್ವತಿಬಾಯಿ' ಎಂದು ಅಚ್ಚಾಗಿತ್ತು.

"ಈ ಅಂಪ ಯಾರವ್ವಾ? ಆತನ ಹೆಬ್ಬೆಟ್ಟೂ ಬೇಕು," ಎಂದ ಗುಮಾಸ್ತ, ನಡುವಿನ amp ಅಕ್ಷರಗಳನ್ನು ಕೂಡಿಸಿ ಓದುತ್ತ.

"ನಮ್ಮಿಬ್ಬರ ನಡುವ ಗಂಡಸನ್ನ ಕುಂದ್ರಿಸೀರಲ್ರಿ ಸಾಹೇಬ್ರ! ನಮ್ಮ ಮನಿಯವರಿಗೆ ಗೊತ್ತಾದ್ರ ಹ್ಯಾಂಗ್ರಿ?" ಎಂದಳು ಹಿರಿಯಳಾದ ಶಾಂತಾಬಾಯಿ.

"ಬರ್ಲಿ ಬಿಡಕ್ಕ," ಎಂದಳು ಪಾರ್ವತಿ. "ಶೆಗಣಿ ಬಳ್ಯಾಕ ಒಬ್ಬಾಂವ ಆದ."

ನನ್ನನ್ನು ಕರೆಸಿದರು. ತಪ್ಪು ನನ್ನದೇ, ಗೆಳೆಯರೇ. ಚೀಟಿಗಳ ಮಾಹಿತಿಯನ್ನು ಎಕ್ಸ್‌ಎಂಎಲ್ ಕಡತವಾಗಿ ಬರೆಯುವ ಪ್ರೋಗ್ರಾಂ ನಾನು ಮಾಡಿದ್ದು. ಆ ಕಡತದಲ್ಲಿ & ಚಿಹ್ನೆಯನ್ನು &amp; ಎಂದು ಬರೆಯಬೇಕು; ಓದುವಾಗ ಅದು ಮತ್ತೆ & ಆಗುತ್ತದೆ. ನಾನು ಕೈಯಾರೆ ಬದಲಿಸಿದ್ದೆ. ಅದು ತನ್ನ ಕೆಲಸವೆಂದು ತಿಳಿದಿದ್ದ ಲೈಬ್ರರಿ, ಅಂದರೆ ನನ್ನ ಪ್ರೋಗ್ರಾಂ ಬಳಸುವ ಸಿದ್ಧ ಕೋಡು, ಇನ್ನೊಮ್ಮೆ ಬದಲಿಸಿತು; ಓದುವಾಗ ಒಂದೇ ಸಲ ಮರಳಿದ್ದರಿಂದ amp ಚೀಟಿಯಲ್ಲೇ ಉಳಿಯಿತು. ನನ್ನ ಒಂದು ಸಾಲು ಅಳಿಸಿದೆ, ಸರಿಹೋಯಿತು.

ಗುಮಾಸ್ತ ಮಾತ್ರ ಒಪ್ಪಲಿಲ್ಲ. "ಹೊಸ ಚೀಟಿಗೆ ಹಳೇ ಹೆಸರು ತೆಗೀಬೇಕ್ರಿ. ತೆಗೀಲಿಕ್ಕ ಆತನೇ ಅರ್ಜಿ ಕೊಡಬೇಕು."

ಎಮ್ಮೆಗಳು ಇವತ್ತೂ ಖಾಲಿ ಗೋದಲಿಯ ಮುಂದೆ ನಿಂತಿವೆ.

ಅಂಪ ಅವರೇ, ಎಲ್ಲಿದ್ದರೂ ಸರಿ, ನಾಳೆ ಹತ್ತಕ್ಕೆ ಬಂದು, ನೀವು ಇಲ್ಲವೆಂದು ಬರೆದು ಹೆಬ್ಬೆಟ್ಟು ಒತ್ತಿ ಹೋಗುತ್ತೀರಾ?