ತೊಗಲಿನ ಬುಷ್

ವಿಜಾಪುರದಲ್ಲಿ ನಾನು ಒಬ್ಬ ಡಾಕ್ಟರರ ಕಾರು ಓಡಿಸುತ್ತಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾರು ವಿಲಾಯತಿಯದು, ವಯಸ್ಸಾದದ್ದು. ವಾರಕ್ಕೆರಡು ಸಲ ಬಬಲೇಶ್ವರಕ್ಕೆ ರೋಗಿಗಳನ್ನು ನೋಡಲು ಹೋಗುತ್ತಿದ್ದೆವು. ಆ ರಸ್ತೆ ನಮ್ಮ ಗಾಡಿಗೇ ರೋಗ ಹಚ್ಚಿತು. ಗೇರು ಬದಲಿಸಿದರೆ ಹಿಂದೆ ಧಡ್, ತಗ್ಗಿಗೆ ಇಳಿದರೆ ಧಡ್. ಡಾಕ್ಟರರು ಒಮ್ಮೆ ಹಿಂದಿನ ಸೀಟಿನಿಂದಲೇ, "ಏನೋ ಇದು, ಡಿಕ್ಕಿಯೊಳಗ ಯಾರನ್ನರ ಕೂಡಿಸೀಯೇನು?" ಎಂದರು.

ಕೆಳಗೆ ಮಲಗಿ ನೋಡಿದೆ. ಎಂಜಿನ್ನಿನ ಬಲವನ್ನು ಎರಡೂ ಹಿಂದಿನ ಗಾಲಿಗಳಿಗೆ ಹಂಚುವ ಡಿಫರೆನ್ಶಿಯಲ್ ಅಂತ ಒಂದಿರುತ್ತದೆ, ಕುಂಬಳಕಾಯಿ ಗಾತ್ರದ ಕಬ್ಬಿಣದ ಗಡ್ಡೆ. ಅದನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡಲು ಒಂದು ತೋಳು. ತೋಳಿನ ತುದಿಯಲ್ಲಿ ಬೋಲ್ಟು. ಕಬ್ಬಿಣ ಕಬ್ಬಿಣಕ್ಕೆ ಬಡಿಯದಂತೆ ನಡುವೆ ರಬ್ಬರಿನ ಬುಷ್. ಆ ಬುಷ್ ಸವೆದು ಪುಡಿಯಾಗಿತ್ತು. ಹೊಸದು ಮುಂಬಯಿಯಿಂದ ಬರಬೇಕು, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ಡಾಕ್ಟರರು ಮದುವೆಯೊಂದಕ್ಕೆ ರೈಲು ಹತ್ತುವಾಗ, "ನಾ ಬರೂದ್ರೊಳಗ ನಿಮ್ಮೂರಿಗಿ ಒಯ್ದಾದ್ರೂ ಗಾಡಿ ಸುದ್ದ ಮಾಡು" ಎಂದು ಹೇಳಿ ಹೋದರು. ಪೇಟೆಯ ಮುದುಕ ಮಿಸ್ತ್ರಿಯ ಬಳಿ ಹೋದೆ. ಅವನು ಎಮ್ಮೆ ತೊಗಲಿನ ದಪ್ಪ ತುಂಡೊಂದನ್ನು ನನ್ನ ಕೈಗಿಟ್ಟ. "ಬಿಲ್ಲೆ ಕೊಯ್ದು ಔಡಲೆಣ್ಣಿ ಕುಡಸು. ಒಂದರ ಮ್ಯಾಲೊಂದು ಕೂಡಸು. ರಬ್ಬರಿನ ಅಪ್ಪನಂಗ ಬಾಳತೈತಿ." ಆಮೇಲೆ ಸಹಜವಾಗಿಯೇ, "ಕೊಯ್ಯಾಕ ನಿಮ್ಮಪ್ಪ ಅದಾನಲ್ಲ" ಎಂದ.

ಅವನಿಗೆ ಗೊತ್ತಿರಲಿಲ್ಲ. ನಮ್ಮಪ್ಪ ತೊಗಲು ಮುಟ್ಟುವುದನ್ನು ಬಿಟ್ಟು ಮೂರು ವರ್ಷವಾಗಿತ್ತು.

ನಮ್ಮೂರು ತಿಕೋಟಾದಲ್ಲಿ ಎತ್ತು ಕಟ್ಟಿ ನೀರೆತ್ತುವ ಬಾವಿಗಳಿಗೆಲ್ಲ ತೊಗಲಿನ ಚೀಲ ಹೊಲಿದುಕೊಡುತ್ತಿದ್ದವನು ಅವನೇ. ದನ ಸತ್ತರೆ ಗೌಡರ ಮನೆಯಿಂದ ಹೇಳಿಕೆ ಬರುತ್ತಿತ್ತು. ಉಣ್ಣುತ್ತಿದ್ದರೂ ಕೈ ತೊಳೆದು ಏಳಬೇಕು. ನಾವು ಬೌದ್ಧರಾದ ದಿನ ಅಪ್ಪ ತೊಗಲು ಕೊಯ್ಯುವ ರಂಪಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಜಂತಿಯ ಸಂದಿಗೆ ಸೇರಿಸಿದ. ಮುಂದಿನ ಹೇಳಿಕೆಗೆ ಹೋಗಲಿಲ್ಲ. ಊರಿನವರು ಕೂಲಿಗೆ ಕರೆಯುವುದನ್ನೇ ನಿಲ್ಲಿಸಿದರು. ಅವ್ವ ನುಚ್ಚಿಗೆ ನೀರು ಹೆಚ್ಚು ಬೆರೆಸುತ್ತ ಹೋದಳು. "ಊರಿಗೆ ಬಂದಾಕಿ ನೀರಿಗೆ ಬರೂದಿಲ್ಲೇನು?" ಎಂದು ಗೌಡರ ಕಟ್ಟೆಯ ಮೇಲೆ ನಗುತ್ತಿದ್ದರಂತೆ. ಅಪ್ಪ ಬಗ್ಗಲಿಲ್ಲ. ದೂರದ ಊರುಗಳಿಗೆ ನಡೆದು ಹೋಗಿ ಕಲ್ಲು ಒಡೆದ.

ಅಂಥವನ ಮುಂದೆ ಈ ತುಂಡು ಹೇಗೆ ಹಿಡಿಯಲಿ? ಪೇಟೆಯಲ್ಲಿ ಚಪ್ಪಲಿ ಹೊಲಿಯುವವನೊಬ್ಬನಿಂದ ಬಿಲ್ಲೆ ಮಾಡಿಸಿದೆ. ಅವನ್ನು ಹಾಕಿಕೊಂಡು ಊರಿಗೆ ಹೊರಟರೆ, ದಾರಿಯ ತೊರವಿ ಮುಟ್ಟುವುದರೊಳಗೆ ಹರಿದುಹೋದವು. ಉಳಿದ ತೊಗಲನ್ನು ಸೀಟಿನ ಕೆಳಗೆ ತಳ್ಳಿ, ಧಡ್ ಧಡ್ ಅನ್ನುತ್ತಲೇ ತಿಕೋಟಾ ಸೇರಿದೆ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಗಾಲಿಗಳಿಗೆ ಕಲ್ಲು ಕೊಟ್ಟೆ. ಡಿಫರೆನ್ಶಿಯಲ್ಲಿನ ಹೊಟ್ಟೆಗೆ ಜಾಕು ಆನಿಸಿ, ಬೋಲ್ಟಿಗೆ ಸೀಮೆಎಣ್ಣೆ ಕುಡಿಸಿ ಬಿಚ್ಚಿದೆ. ಅಪ್ಪ ಹೊರಗೆ ಹೋದದ್ದನ್ನು ನೋಡಿಕೊಂಡು ಜಂತಿಯ ರಂಪಿಗೆ ತೆಗೆದೆ. ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಊರವರು ಕಂಡರೆ ಮುಗಿಯಿತು. ಹಸಿವು ತಡೆದು ಅಪ್ಪ ಉಳಿಸಿಕೊಂಡ ಮಾನ ಗೌಡರ ಕಟ್ಟೆಯ ಮೇಲೆ ಹರಾಜಾಗುತ್ತದೆ. ಗುಂಡಗೆ ಬಿಲ್ಲೆ ಕೊಯ್ದು ನಡುವೆ ತೂತು ಮಾಡಹೋದರೆ ಅಂಚು ಸೀಳಿತು. ಎರಡನೆಯದೂ ಸೀಳಿತು. ಮೂರನೆಯದಕ್ಕೆ ನನ್ನ ಹೆಬ್ಬೆರಳೂ ಜೊತೆಯಾಯಿತು.

"ತೂತು ಮದಲ. ಸುತ್ತಿನ ದಂಡಿ ಆಮ್ಯಾಲೆ."

ಅಪ್ಪ ಬೆನ್ನ ಹಿಂದೆ ನಿಂತಿದ್ದ. ನನಗೆ ತಲೆ ಎತ್ತಲಾಗಲಿಲ್ಲ.

"ಯಾರು ಹೇಳಿ ಕಳಿಸ್ಯಾರ?"

"ಯಾರೂ ಇಲ್ಲ ಯಪ್ಪಾ. ನನ್ನ ಗಾಡಿ ಕೆಲಸಾ."

"ಮತ್ತ ಹಿತ್ತಲದಾಗ ಯಾಕ ಕುಂತಿ? ಕಳವು ಮಾಡೀಯೇನು?"

"ಮಂದಿ ನೋಡ್ತಾರಂತ..."

"ಎದ್ದೇಳಲೇ."

ಬಯ್ಯುತ್ತಾನೆ ಅಂದುಕೊಂಡೆ. ಅವನು ತೊಗಲು, ರಂಪಿಗೆ ಎರಡನ್ನೂ ಕಿತ್ತುಕೊಂಡು ಅಂಗಳಕ್ಕೆ ನಡೆದ. ದಾರಿಗೆ ಎದುರಾಗಿ, ಕಾರಿನ ಪಕ್ಕದಲ್ಲೇ ತಟ್ಟು ಹಾಸಿ ಕೂತ. ಸವೆದ ಬುಷ್ಷನ್ನು ಹೆಬ್ಬೆರಳಿನಿಂದ ಅಳೆದ. ಮೂರು ವರ್ಷ ಕಲ್ಲು ಒಡೆದು ಬಿರುಕು ಬಿಟ್ಟ ಆ ಕೈ ಒಂದು ಸಲವೂ ತಡವರಿಸಲಿಲ್ಲ. ಬಿಲ್ಲೆಗಳು ಒಂದರಂತೆ ಒಂದು ಬಿದ್ದವು. ನನಗೆ ಹೆಮ್ಮೆಯಾಯಿತು, ಅದರ ಹಿಂದೆಯೇ ಹೆದರಿಕೆ.

ಹೆದರಿದಂತೆಯೇ ಗೌಡರ ಆಳು ಬಂದ. ನಿಂತ. ಹಲ್ಲು ಬಿಟ್ಟ. "ಏನಪಾ, ಮತ್ತ ಸುರು ಆತು? ಚಲೋ ಆತು ಬಿಡು. ನಮ್ಮ ಬಾವಿ ಚೀಲಾ ಹರದೈತಿ, ಸಂಜಿಕ ಬಂದು ಒಯ್ಯಿ."

ಅಪ್ಪ ಬಿಲ್ಲೆಯೊಂದನ್ನು ಎಣ್ಣೆಯ ಪರಟಿಗೆ ಹಾಕಿದ. "ಇದು ನನ್ನ ಮಗನ ಗಾಡೀದರಿ. ನಿಮ್ಮ ಬಾವೀದಲ್ಲ."

"ತೊಗಲು ತೊಗಲs ಅಲ್ಲೇನು?"

"ತೊಗಲು ಅದs ಐತ್ರಿ. ಕರದಾಗ ಏಳೂದು ಬಿಟ್ಟೇನಿ."

ಆಳು ಬಂದ ದಾರಿ ಹಿಡಿದ.

ಹೊತ್ತು ವಾಲುವವರೆಗೆ ಬಿಲ್ಲೆಗಳು ಎಣ್ಣೆ ಕುಡಿದವು. ತೋಳಿನ ತುದಿಯ ತೂತಿನೊಳಗೆ ಒಂದೊಂದಾಗಿ ಕೂಡಿಸಿ, ಎರಡೂ ಕಡೆ ದಪ್ಪ ವಾಷರು ಕೊಟ್ಟು ಉದ್ದನೆಯ ಬೋಲ್ಟಿನಿಂದ ಬಿಗಿದೆ. ನಟ್ಟು ತಿರುಗಿದಷ್ಟೂ ತೊಗಲು ಒಳಗೆ ಸರಿದು ಗಟ್ಟಿಯಾಯಿತು. ಅಪ್ಪ ಪಕ್ಕದಲ್ಲಿ ಅಂಗಾತ ಮಲಗಿ, ಅಲ್ಲಿಯವರೆಗೆ ಕಾರಿನ ಹೊಟ್ಟೆಯನ್ನೇ ಕಂಡಿರದವನು, "ಇನ್ನೊಂದು ಸುತ್ತು ಹಿಡಸ್ತೈತಿ" ಎಂದ. ಹಿಡಿಸಿತು.

ಅಪ್ಪನನ್ನು ಮುಂದಿನ ಸೀಟಿಗೆ ಕೂರಿಸಿಕೊಂಡು ಬಿಜ್ಜರಗಿಯ ಕಡೆ ಹೊರಟೆ. ಅವನು ಕಾರು ಹತ್ತಿದ್ದು ಅದೇ ಮೊದಲು. ಗೌಡರ ಬಾವಿ ದಾಟಿತು. ಅಪ್ಪ ಆ ಕಡೆ ನೋಡಲಿಲ್ಲ. ತಲೆ ಬಗ್ಗಿಸಿ ಹಿಂದಿನ ಸಪ್ಪಳಕ್ಕೆ ಕಿವಿಗೊಟ್ಟಿದ್ದ. ತಗ್ಗು ಬಂತು, ಇಳಿದೆವು, ಹತ್ತಿದೆವು.

"ಸಪ್ಪಳಿಲ್ಲ" ಎಂದ.

"ಇಲ್ಲ ಯಪ್ಪಾ" ಎಂದೆ. ಆಮೇಲೆ ಬಾಯಿಬಿಟ್ಟು ಹೇಳಿದೆ: "ನಿನಗ ನಾಚಿಗಿ ಆಗ್ತೈತಿ ಅಂತ ತಿಳದಿದ್ದೆ."

"ನಾಚಿಗಿ ನನಗೆಲ್ಲಿತ್ತೋ? ಗ್ವಾಡಿಗಿ ಮಾರಿ ಮಾಡಿ ಕುಂತಾವ ನೀನು."

ಅದು ನಿಜವೇ ಆಗಿತ್ತು. ಮರಳಿ ಬಂದು ಗಾಡಿ ನಿಲ್ಲಿಸಿದಾಗ ಅವನು ಸೊಂಟದಿಂದ ರಂಪಿಗೆ ತೆಗೆದ. ಒಳಗೆ ಹೋಗಿ ಜಂತಿಗೆ ಸೇರಿಸುತ್ತಾನೆಂದು ಕಾದೆ. ಅವನು ನನ್ನ ಹತ್ಯಾರಗಳ ಪೆಟ್ಟಿಗೆಯ ಮುಚ್ಚಳ ಎತ್ತಿ, ನಟ್ಟು ಬಿಗಿಯುವ ಪಾನಾಗಳ ನಡುವೆ ಅದನ್ನಿಟ್ಟ.

"ಬಟ್ಟಿ ಸುತ್ತಬ್ಯಾಡ" ಎಂದ. "ಹಂಗs ಇರ್ಲಿ."